ಹಳೆಯ ಇನ್‌ಲೈನ್ ಕನ್ಸೋಲ್: ಒಂದು ಚಾನೆಲ್ ಆಗಾಗ ಸದ್ದಡಗುತ್ತಿದೆ

ಪ್ರಶ್ನೆ:
ಸ್ಟುಡಿಯೋದಲ್ಲಿ ಧ್ವನಿ ಮಿಶ್ರಣ ಮಾಡುವ ಕನ್ಸೋಲ್, 48 ಚಾನೆಲ್‌ನ ಎಸ್‌ಎಸ್‌ಎಲ್ 4000. 14ನೇ ಚಾನೆಲ್‌ನಲ್ಲಿ ಮೆಲ್ಲಗಿನ ಹಾಡು ಮಾಯವಾಗುತ್ತದೆ, ಸ್ನೇರ್ ಡ್ರಮ್ ಜೋರಾಗಿ ಬಡಿದರೆ ಮತ್ತೆ ಬರುತ್ತದೆ. 22ರಲ್ಲಿ ಬೇಸ್ ತೆಳುವಾಗಿದೆ. ಎಲ್ಲ ಕೆಪಾಸಿಟರ್ ಬದಲಿಸಬೇಕೇ?

ಉತ್ತರ 1:
ಬೆಸುಗೆ ಕಡ್ಡಿಯನ್ನು ಸದ್ಯಕ್ಕೆ ಮುಟ್ಟಬೇಡಿ ಸರ್. ಜೋರು ಸಿಗ್ನಲ್‌ಗೆ ಮಾತ್ರ ತೆರೆದುಕೊಳ್ಳುವುದು ಕಿಲುಬು ಹಿಡಿದ ಕಾಂಟ್ಯಾಕ್ಟ್‌ನ ಲಕ್ಷಣ. ಪ್ಯಾಚ್‌ಬೇಯಲ್ಲಿ (ಜ್ಯಾಕ್‌ಗಳ ಫಲಕ) 14ರ ಇನ್ಸರ್ಟ್ ಸೆಂಡ್‌ನಿಂದ (ಹೊರಗಿನ ಉಪಕರಣಕ್ಕೆ ಸಿಗ್ನಲ್ ಹೋಗುವ ಜ್ಯಾಕ್) ರಿಟರ್ನ್‌ಗೆ (ಅದು ಮರಳಿ ಬರುವ ಜ್ಯಾಕ್) ಒಂದು ಟಿಟಿ ಕಾರ್ಡ್ (ಸಣ್ಣ ಪ್ಲಗ್ಗಿನ ಪ್ಯಾಚ್ ತಂತಿ) ಹಾಕಿ. ಸಿಗ್ನಲ್ ಸ್ಥಿರವಾದರೆ ತಪ್ಪು ಜ್ಯಾಕ್‌ನ ನಾರ್ಮಲ್ ಕಾಂಟ್ಯಾಕ್ಟ್‌ನದು, ಅಂದರೆ ಪ್ಲಗ್ ಹಾಕದಿದ್ದಾಗ ಸೆಂಡ್ ಮತ್ತು ರಿಟರ್ನ್ ಅನ್ನು ಒಳಗೇ ಜೋಡಿಸುವ ಕಾಂಟ್ಯಾಕ್ಟ್‌ನದು. ಕ್ಲೀನರ್ ಅನ್ನು ಪ್ಲಗ್ಗಿಗೆ ಸವರಿ, ಇಪ್ಪತ್ತು ಸಲ ಹಾಕಿ ತೆಗೆಯಿರಿ. ಬೇ ಒಳಗೆ ನೇರ ಸ್ಪ್ರೇ ಮಾಡಿದರೆ ಧೂಳೆಲ್ಲ ಕೆಸರಾಗಿ ಪಕ್ಕದ ಜ್ಯಾಕ್‌ಗೂ ಹಬ್ಬುತ್ತದೆ.

ಉತ್ತರ 2:
ಕಾರ್ಡ್ ಹಾಕಿದರೂ ಹಾಗೇ ಇದ್ದರೆ 14ರ ಸ್ವಿಚ್‌ಗಳನ್ನು ಹತ್ತಾರು ಸಲ ಒತ್ತಿ ನೋಡಿ. 22ರ ಕಥೆ ಬೇರೆ: ಒಣಗಿದ ಕಪ್ಲಿಂಗ್ ಕೆಪಾಸಿಟರ್ (ಒಂದು ಹಂತದಿಂದ ಮುಂದಿನದಕ್ಕೆ ಸಿಗ್ನಲ್ ದಾಟಿಸುವುದು) ತಗ್ಗಿನ ಸ್ವರವನ್ನೇ ಮೊದಲು ನುಂಗುತ್ತದೆ. ಪವರ್ ಆರಿಸಿ, 22 ಮತ್ತು 23ರ ಮಾಡ್ಯೂಲ್ (ಕಳಚಿ ತೆಗೆಯಬಹುದಾದ ಚಾನೆಲ್ ಘಟಕ) ಅದಲುಬದಲು ಮಾಡಿ. ದೋಷ 23ಕ್ಕೆ ಹೋದರೆ ಅದು ಮಾಡ್ಯೂಲಿನದೇ. 22ರಲ್ಲೇ ಉಳಿದರೆ ಕನೆಕ್ಟರ್ ಅಥವಾ ವೈರಿಂಗ್. ಕೆಪಾಸಿಟರ್ ಬದಲಿಸುವುದಾದರೆ ಹೊಸದು 105 ಡಿಗ್ರಿ ಸೆಲ್ಸಿಯಸ್ ತಾಳುವಂಥದ್ದಿರಲಿ, ಮೈಕ್ರೋಫ್ಯಾರಡ್ ಅದೇ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು. ಧ್ರುವ ತಿರುಗಿಸಿ ಹಾಕಿದರೆ ಸಿಡಿಯಬಹುದು.

ಉತ್ತರ 3:
ಇದಕ್ಕೂ ಮುಂಚೆ ಪ್ಲಸ್ ಮೈನಸ್ 18 ವೋಲ್ಟ್ ರೈಲುಗಳನ್ನು (ವಿದ್ಯುತ್ ಪೂರೈಸುವ ಲೈನ್‌ಗಳು) ಮಾಡ್ಯೂಲ್ ಬಳಿಯೇ ಅಳೆಯಿರಿ, ಪವರ್ ಸಪ್ಲೈ ಬಳಿ ಅಲ್ಲ. ಎಲ್ಲ ಚಾನೆಲ್‌ನಲ್ಲೂ 100 ಹರ್ಟ್ಸ್ ಗುಂಯ್‌ಗುಡುತ್ತಿದ್ದರೆ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಮೇಲೆ ಮೊದಲ ಅನುಮಾನ.