ಅಪ್‌ಡೇಟ್: ಅಮ್ಮನ ತಲೆಸುತ್ತಿಗೆ ಕಾರಣ ಕಿವಿಯಂತೆ!

ಅಮ್ಮಂಗೆ ಮಗ್ಗಲು ಬದಲಾಯಿಸಿದ್ರೆ ಸಾಕು ಮನೆಯೆಲ್ಲ ಗಿರ್ರನೆ ತಿರುಗುತ್ತೆ, ಬಿಪಿನಾ ಕುತ್ತಿಗೆ ಸವೆತಾನಾ ಅಂತ ಕೇಳಿದ್ನಲ್ಲ, ಎರಡೂ ಅಲ್ವಂತೆ. ಇಎನ್‌ಟಿ ಡಾಕ್ಟ್ರು ತಲೆ ಒಂದು ಕಡೆ ತಿರುಗಿಸಿ ಪಟ್ ಅಂತ ಹಿಂದಕ್ಕೆ ಮಲಗಿಸಿದ್ರು, ಒಂದೆರಡು ಸೆಕೆಂಡ್ ಏನೂ ಇಲ್ಲ, ಆಮೇಲೆ ಕಣ್ಣುಗುಡ್ಡೆ ತಾನಾಗೇ ಎಳೆದೆಳೆದು ಕುಣಿಯೋಕೆ ಶುರು, ನೋಡಿ ನಂಗೇ ಗಾಬರಿ. ಬಿಪಿಪಿವಿ ಅಂದ್ರು, ಅಂದ್ರೆ ತಲೆಯ ಭಂಗಿ ಬದಲಾದಾಗ ಬರೋ ತಲೆಸುತ್ತು. ಒಳಕಿವಿಲಿರೋ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳು ಜಾಗ ಬಿಟ್ಟು ಪಕ್ಕದ ಅರ್ಧವೃತ್ತದ ನಾಳಕ್ಕೆ ಜಾರಿದ್ರೆ, ತಲೆ ಅಲ್ಲಾಡಿದಾಗೆಲ್ಲ ಮೆದುಳಿಗೆ ಸುಳ್ಳು ಸಿಗ್ನಲ್ ಹೋಗುತ್ತಂತೆ. ಅಲ್ಲೇ ಎಪ್ಲಿ ಅಂತ ಮಾಡಿದ್ರು, ತಲೆನ ಹಂತಹಂತವಾಗಿ ತಿರುಗಿಸಿ ಹರಳನ್ನ ವಾಪಸ್ ಕಳಿಸೋದು, ಸೂಜಿ ಇಲ್ಲ ಸ್ಕ್ಯಾನ್ ಇಲ್ಲ (ಮಾತ್ರೆ ನುಂಗಿದ್ರೆ ಹರಳು ವಾಪಸ್ ಹೋಗಲ್ವಂತೆ). ಈಗ ಆರಾಮಾಗಿ ಮಲಗ್ತಾರೆ, ನಡೆಯುವಾಗ ಮಾತ್ರ ಸ್ವಲ್ಪ ತೇಲಿದ ಹಾಗಾಗುತ್ತಂತೆ. ಮತ್ತೆ ಬರಬಹುದು, ಬಂದ್ರೆ ಇದೇ ಮತ್ತೊಂದ್ಸಲ. ಆದ್ರೆ ಮಾತು ತೊದಲೋದು, ಕೈಕಾಲು ಸೋಲೋದು ಜೊತೆಗಿದ್ರೆ ಅದು ಬೇರೆ ಕಥೆ, ಸೀದಾ ಎಮರ್ಜೆನ್ಸಿಗೆ ಓಡಿ ಅಂದ್ರು.