ಶಾಲೆ ಅಂಗಳದಲ್ಲಿ 100 ಅಡಿ ಧ್ವಜಸ್ತಂಭ: ನಾನು ಬೇಡ ಅಂದದ್ದು ತಪ್ಪೇ?

ಬೆಂಗೇರಿ ಬಾವುಟ (ಪ್ರಶ್ನೆ)

ಧಾರವಾಡ ತಾಲೂಕಿನ ನಮ್ಮೂರ ಹೈಸ್ಕೂಲಿಗೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಪಟ್ಟಿ ಎತ್ತಿದ್ದೇವೆ. ಆ ಹಣದಲ್ಲಿ 100 ಅಡಿ ಧ್ವಜಸ್ತಂಭ ನಿಲ್ಲಿಸಬೇಕು, ಹೆದ್ದಾರಿಯಲ್ಲಿ ಹೋಗುವವರಿಗೂ ಕಾಣಬೇಕು ಅನ್ನುವುದು ಹೆಚ್ಚಿನವರ ಆಸೆ. “ಬೆಳಗಾವಿ ಕೋಟೆ ಕೆರಿ ಹತ್ರ 110 ಮೀಟರಿಂದು ಐತಿ, ನಮಗ 100 ಅಡಿನೂ ಆಗೂದಿಲ್ಲೇನು?” ಅಂತ ಗೆಳೆಯನೊಬ್ಬ ಕೇಳಿದ. ನಾನೊಬ್ಬನೇ ಬೇಡ ಅಂದೆ. ಅವತ್ತಿನಿಂದ ವಾಟ್ಸಾಪ್ ಗುಂಪಿನಲ್ಲಿ ನನ್ನ ದೇಶಭಕ್ತಿಯದೇ ಚರ್ಚೆ.

ನಮ್ಮವ್ವ ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ 16 ವರ್ಷ ಧ್ವಜ ಹೊಲಿದವಳು. ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಅಲ್ಲಿಗೆ ಬರುತ್ತಿತ್ತು. ಮೂರು ಪಟ್ಟಿ ಜೋಡಿಸುವುದು ಹೇಗೋ ಆಗುತ್ತದೆ, ಚಕ್ರವೇ ಕಠಿಣ ಅಂತಿದ್ದಳು. ಬಿಳಿ ಬಟ್ಟೆಯ ಎರಡೂ ಬದಿಗೆ ಅಚ್ಚು ಬೀಳಬೇಕು, ಈ ಬದಿಯ 24 ಅರೆಗಳು ಆ ಬದಿಯ 24ರ ಮೇಲೇ ಸರಿಯಾಗಿ ಕೂರಬೇಕು. ಕಿಟಕಿ ಬೆಳಕಿಗೆ ಹಿಡಿದು ನೋಡುವಾಗ ಒಂದೇ ಒಂದು ಅರೆ ಜೋಡಿಯಾಗಿ ಕಂಡರೂ ಆ ತುಂಡು ಪಕ್ಕಕ್ಕೆ. ಸಂಜೆ ಮನೆಗೆ ಬಂದರೆ ಸೀರೆಯ ಸೆರಗಿಗೆ ಕೇಸರಿ ದಾರದ ಎಳೆ ಅಂಟಿರುತ್ತಿತ್ತು.

100 ಅಡಿ ಕಂಬಕ್ಕೆ ಸಾಮಾನ್ಯವಾಗಿ ಏರಿಸುವುದು 30×20 ಅಡಿಯ ಪಾಲಿಯೆಸ್ಟರ್ ಧ್ವಜ. ಖಾದಿ ಧ್ವಜದ ಒಂಬತ್ತು ಅಳತೆಗಳಲ್ಲಿ ಎಲ್ಲಕ್ಕಿಂತ ದೊಡ್ಡದೇ 21×14 ಅಡಿ, ನರಗುಂದ ಕೋಟೆಯ ಮೇಲೆ ಹಾರುವಂಥದ್ದು. ಅಷ್ಟು ಎತ್ತರದ ಕಂಬ ಬಂತೆಂದರೆ ಅವ್ವನಂಥವರ ಕೈಕೆಲಸಕ್ಕೆ ಅಲ್ಲಿ ಜಾಗವಿಲ್ಲ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಯಂತ್ರದ ನೇಯ್ಗೆಗೂ ಒಪ್ಪಿಗೆ ಕೊಟ್ಟರು. ಮರುವರ್ಷ ಆಗಸ್ಟಿನಲ್ಲಿ ಮನೆಮನೆ ಮೇಲೂ ತ್ರಿವರ್ಣ ಹಾರಿದ್ದು ನೋಡಿ ನಾನೂ ಹಿಗ್ಗಿದೆ. ಆದರೆ ಆ ವರ್ಷವೇ ಅವ್ವನ ಜೊತೆಯವರಿಗೆ ಕೈತುಂಬ ಕೆಲಸವಿಲ್ಲದಂತಾಯಿತು. ಇದನ್ನು ಗುಂಪಿನಲ್ಲಿ ಹೇಗೆ ಹೇಳಲಿ? ನಮ್ಮ ದೇಶ ದೊಡ್ಡದು ಅಂತ ತೋರಿಸಲು ಎತ್ತರವೇ ಬೇಕೇ?

ಗಡಿಯಲ್ಲಿದ್ದವ

ತಮ್ಮಾ, ಎತ್ತರಕ್ಕೆ ಬೆಲೆಯೇ ಇಲ್ಲ ಅಂತ ಮಾತ್ರ ಅನ್ನಬೇಡ. 2017ರ ಮಾರ್ಚಿನಲ್ಲಿ ಅಟಾರಿಯಲ್ಲಿ 360 ಅಡಿ ಕಂಬಕ್ಕೆ ಬಾವುಟ ಏರಿದಾಗ ನಾನು ಪಂಜಾಬಿನಲ್ಲೇ ಕೆಲಸದಲ್ಲಿದ್ದೆ. ಗೋಧಿ ಹೊಲದಲ್ಲಿದ್ದವರೂ ಕೆಲಸ ನಿಲ್ಲಿಸಿ ತಲೆ ಎತ್ತಿದರು. ನನಗೆ ಗಂಟಲು ಕಟ್ಟಿತು, ಈಗಲೂ ನೆನೆದರೆ ಹಾಗೇ ಆಗುತ್ತದೆ.

ಆಮೇಲಿನದನ್ನೂ ಹೇಳುತ್ತೇನೆ. ಮೊದಲ ಕೆಲವು ವಾರಗಳಲ್ಲೇ ಗಾಳಿಗೆ ಬಟ್ಟೆ ಮತ್ತೆ ಮತ್ತೆ ಹರಿಯಿತು. ಅದೇ ಆಗಸ್ಟಿನಲ್ಲಿ ಗಡಿಯಾಚೆ ಪಾಕಿಸ್ತಾನದ ವಾಘಾದಲ್ಲಿ 400 ಅಡಿಯದು ಬಂತು. 2023ರಲ್ಲಿ ನಮ್ಮದು 418 ಅಡಿ ಆಯಿತು. ಜನವರಿಯ ಮಂಜು ಕವಿದರೆ ಎರಡು ಕಡೆಯ ಕಂಬಗಳೂ ಕಾಣುವುದಿಲ್ಲ. ಬೇಲಿ ಪಕ್ಕ ಪಹರೆಯವ ಮಾತ್ರ ಆಗಲೂ ನಡೆಯುತ್ತಲೇ ಇರುತ್ತಾನೆ, ಕೈಯಲ್ಲಿ ಬಂದೂಕು, ಹುಬ್ಬಿನ ಮೇಲೆ ನೀರಹನಿ. ಅವನನ್ನು ನೋಡಲು ಯಾರೂ ತಲೆ ಎತ್ತಬೇಕಾಗಿಲ್ಲ.

ಕಂಬದ ಫಿಟ್ಟರ್, ದಾವಣಗೆರೆ

ಇದೇ ಕೆಲಸದಲ್ಲಿರೋನು ನಾನು. ಅಡಿಪಾಯ, ಮೋಟಾರು, ಸಿಡಿಲಿನ ಕಡ್ಡಿ, ರಾತ್ರಿ ದೀಪ, ಎಲ್ಲದಕ್ಕೂ ಜನ ಹಣ ಹೊಂದಿಸುತ್ತಾರೆ. ಎರಡನೇ ಬಟ್ಟೆಗೆ ಯಾರೂ ಎತ್ತಿಟ್ಟಿರುವುದಿಲ್ಲ. ಕಂಬದಿಂದ ದೂರದ ಅಂಚು ಮೊದಲು ಎಳೆ ಬಿಡುತ್ತೆ, ಹಸಿರಿನ ಮೂಲೆಯಿಂದ ಶುರು. ಹರಿದದ್ದನ್ನು ಹಾರಿಸುವಂತಿಲ್ಲ, ಜನರ ಕಣ್ಣಿಗೆ ಬೀಳದಂತೆ ಗೌರವದಿಂದ ಸುಡುವುದೇ ಸರಿ ಅನ್ನುತ್ತೆ ಸಂಹಿತೆ. ನಾನೇ ನಿಲ್ಲಿಸಿದ ಒಂದು ಕಂಬ ತಿಂಗಳುಗಟ್ಟಲೆ ಬೋಳಾಗಿ ನಿಂತಿದ್ದು ನೋಡಿ ಆ ದಾರಿಯಲ್ಲಿ ಹೋಗುವುದೇ ಬಿಟ್ಟಿದ್ದೆ.

9×6 ಅಡಿ ಖಾದಿ ಧ್ವಜಕ್ಕೆ 35–40 ಅಡಿ ಕಂಬ ಸಾಕು. ಮಕ್ಕಳೇ ಹಗ್ಗ ಎಳೆದು ಏರಿಸಬಹುದು. 100 ಅಡಿಯದಾದರೆ ಮೋಟಾರಿನ ಗುಂಡಿ ಒತ್ತುವುದನ್ನು ನೋಡುತ್ತಾ ನಿಲ್ಲಬೇಕು.

ಜೆದ್ದಾ ಕನ್ನಡಿಗ

ನಾನಿರುವ ಊರಿನಲ್ಲಿ 2014ರಲ್ಲಿ 170 ಮೀಟರಿನ ಕಂಬ ಎದ್ದಿತು, ಆಗ ಜಗತ್ತಿಗೇ ಎತ್ತರ. ಅದಕ್ಕೂ ಮೊದಲು 2010ರಲ್ಲಿ ಅಜರ್‌ಬೈಜಾನಿನ ಬಾಕುವಿನಲ್ಲಿ 162 ಮೀಟರ್, 2011ರಲ್ಲಿ ತಜಿಕಿಸ್ತಾನದ ದುಶಾನ್ಬೆಯಲ್ಲಿ 165. 2021ರಲ್ಲಿ ಈಜಿಪ್ಟಿನವರು 200 ಮೀಟರ್ ದಾಟಿದರು. ಬಾಕುವಿಗಿಂತ ಬರೀ ಮೂರು ಮೀಟರಿನ ಹೆಚ್ಚುಗಾರಿಕೆಗೆ ತಜಿಕಿಸ್ತಾನ ಅಷ್ಟು ಖರ್ಚು ಮಾಡಿದ್ದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಜನವರಿ 26ಕ್ಕೆ ಇಲ್ಲಿನ ನಮ್ಮ ಕಾನ್ಸುಲೇಟಿನಲ್ಲಿ ಏರುವ ಧ್ವಜ ಸಾಧಾರಣ ಗಾತ್ರದ್ದು. ಅದರ ಕೆಳಗೆ ನಿಂತು ಜನಗಣಮನ ಹಾಡುವಾಗ ಊರಿನ ಶಾಲೆಯ ಮೊದಲ ಸಾಲಿನಲ್ಲೇ ನಿಂತ ಹಾಗಾಗುತ್ತದೆ.

ಬೆಂಗೇರಿ ಬಾವುಟ

ಎಲ್ಲರಿಗೂ ಶರಣು. ಸೈನಿಕ ಅಣ್ಣಾ, ನಿಮ್ಮ ಮಾತನ್ನು ಅವ್ವನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಟ್ಟು ಎತ್ತರದಾಗ ಹರದದ್ದು ಹೊಲ್ಯಾಕ ಯಾರು ಹತ್ತತಾರ?” ಅಂದಳು. ಭಾನುವಾರ ಸಭೆಯಿದೆ. 40 ಅಡಿ ಕಂಬ, 9×6 ಖಾದಿ ಧ್ವಜ, ಉಳಿದ ಹಣ ಠೇವಣಿ ಇಟ್ಟು ಅದರ ಬಡ್ಡಿಯಲ್ಲಿ ಹೊಸ ಧ್ವಜ ಕೊಳ್ಳುವುದು, ಹೀಗೆ ಬರೆದುಕೊಂಡಿದ್ದೇನೆ. ಅವ್ವನೂ ಬರುತ್ತಾಳೆ. ಫಿಟ್ಟರ್ ಅಣ್ಣಾ, ಒಂದೇ ಅನುಮಾನ: ಶಾಲೆಗೂ ಹೆದ್ದಾರಿಗೂ ನಡುವೆ ಬೇವಿನ ಮರಗಳಿವೆ. 40 ಅಡಿಯದು ಅವುಗಳ ಮೇಲೆ ಕಂಡೀತೇ? ಗೆಳೆಯರು ಮೊದಲು ಅದನ್ನೇ ಕೇಳುತ್ತಾರೆ.