ಆರ್‌ಬಿ ಪ್ರೋಟೀನ್ ಡಿಎನ್‌ಎ ಮುಟ್ಟದೆ ಜೀನ್ ಹೇಗೆ ಆಫ್ ಮಾಡುತ್ತದೆ?

ಎಂಎಸ್ಸಿ_ಹುಡುಗಿ:
ನಾಳಿದ್ದು ಸೆಮಿನಾರ್ ಇದೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಕೋಶ ವಿಭಜನೆಗೆ ಬ್ರೇಕ್ ಹಾಕುವ ಪ್ರೋಟೀನ್‌ಗಳಲ್ಲಿ ಪಿ53 ಅರ್ಥ ಆಯ್ತು. ಅದೇ ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ (ಜೀನ್ ಆನ್-ಆಫ್ ನಿಯಂತ್ರಿಸುವ ಪ್ರೋಟೀನ್), ಡಿಎನ್‌ಎ ಮೇಲೆ ತನ್ನ ಜಾಗ ಹುಡುಕಿ ಕೂತು ಪಿ21 ಥರದ ಜೀನ್‌ಗಳನ್ನು ಆನ್ ಮಾಡುತ್ತದೆ. ಆದರೆ ಆರ್‌ಬಿಗೆ ಹಾಗೆ ಜಾಗ ಗುರುತಿಸಲು ಬರುವುದಿಲ್ಲ ಅಲ್ವಾ? ಇ2ಎಫ್ ಅನ್ನೋ ಇನ್ನೊಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ ಅಂತ ನೋಟ್ಸ್‌ನಲ್ಲಿದೆ. ಅಂದರೆ ಡಿಎನ್‌ಎಯಿಂದ ಎಳೆದುಕೊಂಡು ಹೋಗುತ್ತದಾ?

ಕೋಶದ_ಮೇಷ್ಟ್ರು:
ಇಲ್ಲಮ್ಮ, ಅಲ್ಲೇ ತುಂಬ ಜನ ಎಡವುವುದು. ಇ2ಎಫ್ ಡಿಎನ್‌ಎ ಮೇಲೆ ಕೂತೇ ಇರುತ್ತದೆ, ಆರ್‌ಬಿ ಬಂದು ಅದರ ಮೇಲೆ ಕೂರುತ್ತದೆ. ಇ2ಎಫ್‌ನ ಒಂದು ತುದಿ ಡಿಎನ್‌ಎ ಹಿಡಿಯಲು, ಇನ್ನೊಂದು ತುದಿ ಜೀನ್ ಓದುವ ಯಂತ್ರವನ್ನು ಕರೆಯಲು. ಆರ್‌ಬಿ ಮುಚ್ಚುವುದು ಆ ಕರೆಯುವ ತುದಿಯನ್ನು. ಅಷ್ಟಕ್ಕೇ ಸುಮ್ನಿರುವುದಿಲ್ಲ, ಎಚ್‌ಡಿಎಸಿ ಕಿಣ್ವಗಳನ್ನೂ ಅಲ್ಲಿಗೆ ಕರೆತರುತ್ತದೆ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳಿಂದ ಅವು ಅಸಿಟೈಲ್ ಗುಂಪುಗಳನ್ನು ಕಿತ್ತು ಹಾಕಿದಾಗ ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡು ಆ ಜೀನ್ ಓದಲು ಸಿಗುವುದೇ ಇಲ್ಲ. ಹಾಗಾಗಿ ವಿಳಾಸ ಇ2ಎಫ್‌ನದು, ಬೀಗ ಆರ್‌ಬಿಯದು. ಸೈಕ್ಲಿನ್ ಇ, ಡಿಎನ್‌ಎ ಪಾಲಿಮರೇಸ್, ಥೈಮಿಡಿನ್ ಕೈನೇಸ್, ಹೀಗೆ ಡಿಎನ್‌ಎ ನಕಲು ಮಾಡಲು ಬೇಕಾದ ಜೀನ್‌ಗಳೆಲ್ಲ ಈ ಬೀಗದ ಹಿಂದೆ.

ಬೀಗ ತೆಗೆಯುವುದು ಸಿಡಿಕೆ4 ಮತ್ತು ಸಿಡಿಕೆ6 ಅನ್ನೋ ಕಿಣ್ವಗಳು. ಸೈಕ್ಲಿನ್ ಡಿ ಅನ್ನೋ ಜೊತೆಗಾರ ಪ್ರೋಟೀನ್ ಜೊತೆ ಸೇರಿ ಇವು ಆರ್‌ಬಿಗೆ ಫಾಸ್ಫೇಟ್ ಅಂಟಿಸಲು ಶುರು ಮಾಡುತ್ತವೆ, ಬೀಗ ಸ್ವಲ್ಪ ಸಡಿಲವಾದ ಮೇಲೆ ಸೈಕ್ಲಿನ್ ಇ ಬಂದು ಸಿಡಿಕೆ2 ಜೊತೆ ಇನ್ನಷ್ಟು ಅಂಟಿಸುತ್ತದೆ, ಆರ್‌ಬಿ ಕೈ ಬಿಡುತ್ತದೆ.

ಬ್ಲಾಟ್_ಮಾಡಿದವನು:
ಇದನ್ನು ಕಣ್ಣಾರೆ ನೋಡಬಹುದು. ಕೋಶಗಳಿಗೆ ಸೀರಮ್ (ಬೆಳೆಯಲು ಸೂಚನೆ ಕೊಡುವ ರಕ್ತದ ದ್ರವ) ಕೊಡದೆ ಒಂದೆರಡು ದಿನ ಬಿಟ್ಟು, ಆಮೇಲೆ ಕೊಟ್ಟು, ಕೆಲವು ಗಂಟೆಗೊಮ್ಮೆ ತೆಗೆದು ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಓಡಿಸಿ ಬೇರ್ಪಡಿಸಿ ಗುರುತಿಸುವ ವಿಧಾನ) ಮಾಡಿ. ಮೊದಲ ಲೇನ್‌ಗಳಲ್ಲಿ ಆರ್‌ಬಿ ಬ್ಯಾಂಡ್ ಕೆಳಗಿರುತ್ತದೆ, ಆಮೇಲಿನ ಲೇನ್‌ಗಳಲ್ಲಿ ಕೂದಲೆಳೆಯಷ್ಟು ಮೇಲೆ. ಫಾಸ್ಫೇಟ್ ಅಂಟಿದ ಆರ್‌ಬಿ ಜೆಲ್‌ನಲ್ಲಿ ನಿಧಾನಕ್ಕೆ ಓಡುತ್ತದೆ, ಅದಕ್ಕೇ. ಜೆಲ್ ಸ್ವಲ್ಪ ಜಾಸ್ತಿ ಹೊತ್ತು ಓಡಿಸಿ, ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಅಂಟಿಕೊಂಡೇ ಕಾಣುತ್ತವೆ.

ಕಣ್ಣಿನ_ವಾರ್ಡ್:
ಆರ್‌ಬಿ ಅನ್ನೋ ಹೆಸರು ಬಂದದ್ದು ರೆಟಿನೋಬ್ಲಾಸ್ಟೋಮದಿಂದ, ಅದು ಪುಟ್ಟ ಮಕ್ಕಳ ಕಣ್ಣಿನ ಕ್ಯಾನ್ಸರ್. 1971ರಲ್ಲಿ ವಿಜ್ಞಾನಿ ನುಡ್ಸನ್ 48 ರೋಗಿಗಳ ಲೆಕ್ಕ ನೋಡಿ, ಎರಡು ಪೆಟ್ಟು ಬಿದ್ದರೆ ಗೆಡ್ಡೆ ಬರುತ್ತದೆ ಅಂದರು. ಅಂದರೆ ಆರ್‌ಬಿ ಜೀನ್‌ನ ಎರಡೂ ಪ್ರತಿ ಹೋದರೆ ಬೀಗವೇ ಇಲ್ಲ, ಇ2ಎಫ್‌ಗೆ ತಡೆ ಇಲ್ಲ. ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು: ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ತಡ ಮಾಡಬೇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ.

ಎಂಎಸ್ಸಿ_ಹುಡುಗಿ:
ತುಂಬಾ ಥ್ಯಾಂಕ್ಸ್ ಸರ್! ಹಾಗಾದರೆ ಸಿಡಿಕೆ4 ತಡೆಯುವ ಕ್ಯಾನ್ಸರ್ ಔಷಧಿ ಪಾಲ್ಬೊಸಿಕ್ಲಿಬ್, ಆರ್‌ಬಿ ಪೂರ್ತಿ ಕಳೆದುಕೊಂಡ ಗೆಡ್ಡೆಯಲ್ಲಿ ಕೆಲಸ ಮಾಡಬಾರದು ಅಲ್ವಾ?

ಕೋಶದ_ಮೇಷ್ಟ್ರು:
ಸರಿಯಾಗಿ ಹಿಡಿದೆ. ಆ ಮಾತ್ರೆ ಕಾಪಾಡುವುದು ಬೀಗವನ್ನು. ಬೀಗವೇ ಇಲ್ಲದ ಕಡೆ ಅದಕ್ಕೆ ಕೆಲಸವಿಲ್ಲ. ಸೆಮಿನಾರ್‌ನಲ್ಲಿ ಇದನ್ನೇ ಮೊದಲು ಹೇಳು.